ಪುಣೆಯಲ್ಲಿ ಕುರ್ಚಿಯ ಬಾಡಿಗೆ

ಶನಿವಾರವಾಡೆಯ ಟಿಕೆಟ್ಟು ಭಾರತೀಯರಿಗೆ 25 ರೂಪಾಯಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಅದೂ ಇಲ್ಲ. ವಾಡೆ ನೋಡಿ ಹೊರಬಿದ್ದು, ಕಾಲು ಸೋತವೆಂದು ಎಸಿ ಹಾಕಿದ ಕಾಫಿ ಅಂಗಡಿ ಹೊಕ್ಕು ಇಬ್ಬರು ಒಂದೊಂದು ಕಪ್ಪು ಕುಡಿದರೆ ಐದುನೂರರ ನೋಟು ಮುರಿಯುತ್ತದೆ. ಅಲ್ಲಿ ಯಾರಿಗೂ ಕಾಫಿಯ ಚಪಲವಿರಲಿಲ್ಲ. ನನಗೆ ಕುರ್ಚಿ ಬೇಕಾಗಿತ್ತು, ಹೆಂಡತಿಗೆ ಬಾತ್‌ರೂಮು ಬೇಕಾಗಿತ್ತು. ದೊಡ್ಡ ಊರಿಗೆ ಹೋದವರ ದುಡ್ಡು ನೋಡುವುದಕ್ಕೆ ಹೋಗುವುದು ತೀರ ಕಡಿಮೆ. ದಣಿದಾಗ ಕೂಡುವುದಕ್ಕೆ, ಕೂಡಲು ಜಾಗ ಸಿಗದೆ ಆಟೊ ಹತ್ತುವುದಕ್ಕೆ ಹೋಗುತ್ತದೆ. ಹಾಗಾಗಿ ಖರ್ಚಿಲ್ಲದೆ ಊರು ನೋಡಬೇಕೆನ್ನುವವರು ಮೊದಲು ಕೇಳಬೇಕಾದದ್ದು ಏನು ನೋಡೋಣ ಎಂದಲ್ಲ, ಹನ್ನೆರಡು ಗಂಟೆಗೆ ಎಲ್ಲಿ ಕೂಡೋಣ ಎಂದು.

ನನ್ನ ಮಗಳು ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ, ಮನೆ ಕೋಥರೂಡಿನಲ್ಲಿ. ಧಾರವಾಡದಿಂದ ನಾವು ಹೋದಾಗೆಲ್ಲ ಅವಳು ಬೆಳಿಗ್ಗೆ ಕಂಪನಿ ಬಸ್ಸು ಹಿಡಿದ ಮೇಲೆ ಇಡೀ ಹಗಲು ನಮ್ಮದು. "ಪಪ್ಪಾ, ಕ್ಯಾಬ್ ಬುಕ್ ಮಾಡ್ತೇನಿ, ಆರಾಮ ಅಡ್ಡ್ಯಾಡಿ ಬರ್ರಿ" ಎನ್ನುತ್ತಾಳೆ. ಮಗಳ ದುಡ್ಡೂ ದುಡ್ಡೇ ಎಂದು ನಾನು ಬಸ್ ಸ್ಟಾಪಿಗೆ ಹೋಗುತ್ತೇನೆ. 2025ರ ಜೂನ್ ದರ ಏರಿಕೆಯ ನಂತರ ಪಿಎಂಪಿಎಂಎಲ್ ಬಸ್ಸಿನ ದಿನದ ಪಾಸು 70 ರೂಪಾಯಿ. ಪುಣೆ, ಪಿಂಪ್ರಿ-ಚಿಂಚವಡ ಎರಡರಲ್ಲೂ ನಡೆಯುತ್ತದೆ. ಒಮ್ಮೆ ಕೊಟ್ಟರೆ ರಾತ್ರಿಯವರೆಗೆ ಜೇಬಿಗೆ ಕೈ ಹಾಕುವ ಹಂಗಿಲ್ಲ. ಉಳಿಯುವ ಖರ್ಚು ನಮಗಿಲ್ಲ, ಅದು ಮಗಳಿದ್ದ ಅನುಕೂಲ. ಲಾಡ್ಜಿನಲ್ಲಿ ಇಳಿದವರಿಗೂ ಹಗಲಿನ ಲೆಕ್ಕ ಬೇರೆಯಾಗುವುದಿಲ್ಲ.

ತಂಪು ಹೊತ್ತನ್ನು ಗುಡ್ಡಕ್ಕೆ ಕೊಡಬೇಕು. ಪರ್ವತಿ ಗುಡ್ಡಕ್ಕೆ 103 ಮೆಟ್ಟಿಲು, ಅಗಲವಾದ ಕಲ್ಲಿನವು. ಮೇಲಿನ ದೇವಸ್ಥಾನ ಕಟ್ಟಿಸಿದ ನಾನಾಸಾಹೇಬ ಪೇಶ್ವೆ ಪಾಣಿಪತ್ತಿನ ಸೋಲಿನ ಕೆಲವೇ ತಿಂಗಳಲ್ಲಿ, 1761ರಲ್ಲಿ, ಈ ಗುಡ್ಡದ ಮೇಲೆಯೇ ತೀರಿಕೊಂಡ. ಬೆಳಗಿನ ಹೊತ್ತು ಎಪ್ಪತ್ತು ದಾಟಿದ ಅಜ್ಜಂದಿರು ನನ್ನನ್ನು ಹಿಂದೆ ಹಾಕಿ ಹತ್ತುತ್ತಾರೆ, ಇಳಿದು ಮತ್ತೆ ಹತ್ತುತ್ತಾರೆ. ಇನ್ನೂ ಎತ್ತರಕ್ಕೆ ಹೋಗಬೇಕೆಂದರೆ ವೇತಾಳ ಟೇಕಡಿ ಇದೆ. ಅಲ್ಲಿ ನವಿಲಿನ ಕೂಗು ಕೇಳುತ್ತದೆ. ಆ ಗುಡ್ಡದಲ್ಲಿ ರಸ್ತೆ ಹಾಯಿಸುವ ಯೋಜನೆ ಬಂದಾಗ 2023ರಲ್ಲಿ ಊರವರು ದಂಡಾಗಿ ಬೀದಿಗಿಳಿದಿದ್ದರು. ಪುಕ್ಕಟೆ ಸಿಗುವ ಜಾಗವನ್ನೇ ಹೆಚ್ಚು ಕಾಯಬೇಕೆಂಬುದು ಪುಣೆಯವರಿಗೆ ಗೊತ್ತಿದೆ. ನಮ್ಮ ಕೆರೆಗಳ ವಿಷಯದಲ್ಲಿ ನಮಗೆ ಇದು ತಡವಾಗಿ ಹೊಳೆಯಿತು.

ಇನ್ನು ಆ ಹನ್ನೆರಡು ಗಂಟೆ. ನನ್ನ ಜಾಗ ಪಾತಾಳೇಶ್ವರ. ಶಿವಾಜಿನಗರದ ಜಂಗಲಿ ಮಹಾರಾಜ ರಸ್ತೆ ಎಂದರೆ ದೊಡ್ಡ ದೊಡ್ಡ ಷೋರೂಮುಗಳ ಸಾಲು. ಅದರ ಮಗ್ಗುಲಲ್ಲೇ ನೆಲದೊಳಗೆ ಇಳಿದಂತೆ ಒಂದು ಗುಹಾಲಯ, ಎಂಟನೆಯ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು. ಅಂಗಳದಲ್ಲಿ ದುಂಡನೆಯ ನಂದಿಮಂಟಪ. ದಪ್ಪ ಚೌಕ ಕಂಬಗಳ ನಡುವೆ ನಂದಿ, ಮೇಲೆ ಕೊಡೆಯಂತೆ ಬಂಡೆಯದೇ ಚಾವಣಿ. ಎಲ್ಲೋರದ ಕೈಲಾಸ ಕೊರೆಸಿದ ಮನೆತನದ ಕಾಲದ ಕೆಲಸ ಇಲ್ಲಿ ಅರ್ಧಕ್ಕೇ ನಿಂತಿದೆ. ಒಳಗೆ ಹೋದರೆ ಉಳಿಯ ಗುರುತು ಹಾಗೇ ಇರುವ ಗೋಡೆಗಳು ಸಿಗುತ್ತವೆ. ಪೂರ್ತಿಯಾದ ಗುಡಿಗಿಂತ ನನಗೆ ಇದೇ ಹೆಚ್ಚು ಇಷ್ಟ. ಕೆಲಸ ಹೇಗೆ ಸಾಗುತ್ತಿತ್ತು ಎಂಬುದು ಕಣ್ಣಿಗೆ ಕಾಣುತ್ತದೆ. ಮಳಖೇಡದಲ್ಲಿ ಆ ಅರಸರ ಕೋಟೆಯ ಪಾಳು ನೋಡಿ ಮನಸ್ಸು ಕೆಡಿಸಿಕೊಂಡವರು ಇಲ್ಲಿಗೆ ಬಂದರೆ ಸ್ವಲ್ಪ ಸಮಾಧಾನವಾದೀತು.

ಇಲ್ಲಿ ಪ್ರವೇಶ ದರವಿಲ್ಲ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಹೊರಗಿನ ಬಿಸಿಲು ಮರೆತೇ ಹೋಗುತ್ತದೆ. ಅಂಗಳದ ಮರಗಳ ಕೆಳಗೆ ಪರೀಕ್ಷೆಗೆ ಓದುವ ಹುಡುಗರು, ಕಂಬಕ್ಕೊರಗಿ ಕಣ್ಣು ಮುಚ್ಚಿದ ಒಬ್ಬಿಬ್ಬರು. ಪೂಜೆ ನಡೆಯುವ ಜಾಗವಾದ್ದರಿಂದ ಬುತ್ತಿ ಬಿಚ್ಚುವುದು ಬೇಡ, ಅದಕ್ಕೆ ಪಕ್ಕದಲ್ಲೇ ಸಂಭಾಜಿ ಉದ್ಯಾನವಿದೆ. ರೊಟ್ಟಿ, ಪುಂಡಿಪಲ್ಲೆ ಕಟ್ಟಿಕೊಂಡು ಹೋದರೆ ಮಧ್ಯಾಹ್ನದ ಊಟದ ಬಿಲ್ಲೂ ಉಳಿಯಿತು. ಆಮೇಲೆ ನಾಲ್ಕು ಹೆಜ್ಜೆ ನಡೆದರೆ ಬಾಲಗಂಧರ್ವ ರಂಗಮಂದಿರ. ನಾಟಕಕ್ಕೆ ಟಿಕೆಟ್ಟು ಬೇಕು. ಅಲ್ಲಿಯ ಕಲಾದಾಲನದಲ್ಲಿ ಚಿತ್ರ ಪ್ರದರ್ಶನ ಇದ್ದರೆ ಸಾಮಾನ್ಯವಾಗಿ ಯಾರೂ ದುಡ್ಡು ಕೇಳುವುದಿಲ್ಲ.

ಹೆಂಗಸರಿಗೆ ಈ ಲೆಕ್ಕ ಇಷ್ಟು ಸಲೀಸಲ್ಲ ಎಂದು ನನ್ನಾಕೆ ಪ್ರತಿಸಲ ನೆನಪಿಸುತ್ತಾಳೆ. ಗಂಡಸು ಊರೆಲ್ಲ ನೀರು ಕುಡಿಯುತ್ತ ಅಡ್ಡಾಡುತ್ತಾನೆ, ಹೆಂಗಸು ಮುಂದಿನ ಶೌಚಾಲಯ ಎಲ್ಲಿದೆ ಎಂದು ಎಣಿಸಿ ಒಂದೊಂದೇ ಗುಟುಕು ಕುಡಿಯುತ್ತಾಳೆ. ಕೊನೆಗೆ ಬೇಡದ ಚಹಾ ಹೇಳಿ ಹೋಟೆಲಿನ ಬಾಗಿಲು ತೆಗೆಸಬೇಕು. ಪುಣೆಯಲ್ಲಿ ಹಳೆಯ ಬಸ್ಸುಗಳನ್ನು ಹೆಂಗಸರ ಶೌಚಾಲಯಗಳಾಗಿ ಮಾಡಿದ 'ತೀ' ಎಂಬ ಒಳ್ಳೆಯ ಪ್ರಯೋಗ ನಡೆದಿತ್ತು. ಅಂಥವು ಬೀದಿಬೀದಿಗೆ ಇದ್ದರೆ ಪ್ರವಾಸಿ ಹೆಂಗಸರ ಖರ್ಚು ಅರ್ಧಕ್ಕಿಳಿಯುತ್ತಿತ್ತು. ನಾವಂತೂ ಹೊರಡುವ ಮೊದಲು ದಾರಿಯಲ್ಲಿ ಮೆಟ್ರೊ ನಿಲ್ದಾಣ, ದೊಡ್ಡ ಉದ್ಯಾನ ಯಾವುವು ಎಂದು ಗುರುತು ಹಾಕಿಕೊಳ್ಳುತ್ತೇವೆ.

ಇಳಿಹೊತ್ತಿಗೆ ಪೇಠೆಗಳು. ವಿಶ್ರಾಮಬಾಗ ವಾಡೆಯ ಮರದ ಕೆತ್ತನೆಯ ಮುಖ ರಸ್ತೆಯಿಂದಲೇ ಕಾಣುತ್ತದೆ. ಎರಡನೇ ಬಾಜೀರಾಯನ ಅರಮನೆ ಅದು. ಸೋಮವಾರ ಪೇಠೆಯ ಸಂದಿಯಲ್ಲಿ ತ್ರಿಶುಂಡ ಗಣಪತಿ ಇದ್ದಾನೆ: ಮೂರು ಸೊಂಡಿಲು, ನವಿಲು ವಾಹನ. ಗುಡಿಯ ಮುಂಗೋಡೆಯಲ್ಲಿ ಪರದೇಶಿ ಸಿಪಾಯಿಗಳು ಖಡ್ಗಮೃಗಕ್ಕೆ ಸರಪಳಿ ಬಿಗಿಯುತ್ತಿರುವ ಕೆತ್ತನೆ. ಹದಿನೆಂಟನೆಯ ಶತಮಾನದ ಶಿಲ್ಪಿಗೆ ಇದು ಹೇಗೆ ಹೊಳೆಯಿತೋ! ಗಂಜ ಪೇಠೆಯಲ್ಲಿ ಮಹಾತ್ಮ ಫುಲೆಯವರ ವಾಡೆ, 1868ರಲ್ಲಿ ಅವರು ಅಸ್ಪೃಶ್ಯರಿಗೆ ತೆರೆದುಕೊಟ್ಟ ಬಾವಿ. ದಾರಿಯುದ್ದಕ್ಕೂ ಓದಿ ನಗಲು ಪುಣೇರಿ ಪಾಟಿ ಎಂಬ ಫಲಕಗಳು. ಗೇಟಿನೆದುರು ಗಾಡಿ ನಿಲ್ಲಿಸಬೇಡಿ ಎಂದು ನಾವು ಬರೆದರೆ, ಪುಣೆಯವರು ಅದೇ ಮಾತನ್ನು ನಿಲ್ಲಿಸಿದವನ ಬುದ್ಧಿ, ಮನೆತನ ಎರಡನ್ನೂ ವಿಚಾರಿಸಿ ಬರೆಯುತ್ತಾರೆ. ದೇವನಾಗರಿ ಓದಲು ಬಂದರೆ ಸಾಕು, ಒಂದು ತಾಸಿನ ಮನರಂಜನೆ. ತುಳಶಿಬಾಗ ಎಂಬ ಪೇಟೆಯ ಒಳಕ್ಕೆ ಮಾತ್ರ ಹೆಂಡತಿಯೊಡನೆ ಹೋಗಬೇಡಿ ಎನ್ನುವವನಿದ್ದೆ. ಆದರೆ ಹಿತ್ತಾಳೆ ಸಾಮಾನಿನ ಅಂಗಡಿಯಲ್ಲಿ ಹೆಚ್ಚು ಹೊತ್ತು ನಿಲ್ಲುವವನು ನಾನೇ.

ಸಂಜೆಗೆ ಈ ಊರು ಕೊಡುವಷ್ಟು ಕುರ್ಚಿಗಳನ್ನು ಬೇರೆ ಊರು ಕೊಟ್ಟದ್ದು ನಾನು ಕಂಡಿಲ್ಲ. ನ್ಯಾಯಮೂರ್ತಿ ರಾನಡೆ 1875ರಲ್ಲಿ ಶುರುಮಾಡಿದ ವಸಂತ ವ್ಯಾಖ್ಯಾನಮಾಲೆ ಬೇಸಿಗೆಯಲ್ಲಿ ಈಗಲೂ ನಡೆಯುತ್ತದೆ. ಟಿಳಕ ರಸ್ತೆಯ ಟಿಳಕ ಸ್ಮಾರಕ ಮಂದಿರಕ್ಕೆ ಹೋಗಿ ಕೂತರಾಯಿತು. ಅರ್ಥಶಾಸ್ತ್ರವೋ ಇತಿಹಾಸವೋ, ಮರಾಠಿ ಮುಕ್ಕಾಲು ತಿಳಿದರೂ ಸಾಕು. ಲಾ ಕಾಲೇಜು ರಸ್ತೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಲ್ಲಿ ಆರಂಭವಾದದ್ದು. ಅಲ್ಲಿ ಆಗಾಗ ಹಳೆಯ ಚಿತ್ರಗಳನ್ನು ಉಚಿತವಾಗಿ ತೋರಿಸುತ್ತಾರೆ. ಅದೇ ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಗಿರೀಶ ಕಾರ್ನಾಡರು ನಿರ್ದೇಶಕರಾಗಿದ್ದರು, ಕಾಸರವಳ್ಳಿಯವರು ಅಲ್ಲಿ ಕಲಿತರು. ಇಂಥ ಕಾರ್ಯಕ್ರಮಗಳ ಸುದ್ದಿ ಮರಾಠಿ ಪೇಪರಿನ ಒಳಪುಟದಲ್ಲಿರುತ್ತದೆ. ಮನೆಗೆ ಪೇಪರ್ ಬರದಿದ್ದರೆ ಅದನ್ನು ಕೊಳ್ಳಿ. ಇಡೀ ದಿನದಲ್ಲಿ ಅಷ್ಟು ಲಾಭ ತರುವ ಖರ್ಚು ಇನ್ನೊಂದಿಲ್ಲ.

ಗಣೇಶೋತ್ಸವದ ಪುಣೆಯನ್ನು ಪೂರ್ತಿ ಪುಕ್ಕಟೆ ನೋಡಬಹುದು. ಆದರೆ ಆಗ ಲಾಡ್ಜುಗಳ ದರ ಏರಿರುತ್ತದೆ, ಕೂಡುವುದಿರಲಿ, ನಿಲ್ಲಲೂ ಜಾಗವಿರುವುದಿಲ್ಲ. ನನ್ನ ವಯಸ್ಸಿನವರಿಗೆ ಆಗ ಹೋಗಿ ಎಂದು ನಾನು ಹೇಳುವುದಿಲ್ಲ.

ಹೀಗೆ ಉಳಿದ ದುಡ್ಡನ್ನು ಹಾಗೆಯೇ ಊರಿಗೆ ವಾಪಸು ತರುವುದೂ ಜಿಪುಣತನವೇ. ಬೇಂದ್ರೆಯವರು ಓದಿದ ಫರ್ಗ್ಯುಸನ್ ಕಾಲೇಜಿನ ರಸ್ತೆಯಲ್ಲಿ, ಉಡುಪಿ ಕಡೆಯಿಂದ ಬಂದ ಜಗನ್ನಾಥ ಶೆಟ್ಟರು ಬೆಳೆಸಿದ ವೈಶಾಲಿಯಲ್ಲಿ ಒಂದು ದೋಸೆ, ಒಂದು ಕಾಫಿಗೆ ಧಾರಾಳವಾಗಿ ಕೊಡುತ್ತೇನೆ. ಅಲ್ಲಿ ಕುಡಿಯುವುದು ಕಾಫಿಗಾಗಿಯೇ. ಡಿಸೆಂಬರಿನಲ್ಲಿ ಹೋದರೆ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ. ಕುಂದಗೋಳದ ಗುರುವಿನ ನೆನಪಿಗೆ ಗದಗ ಕಡೆ ಹುಟ್ಟಿದ ಶಿಷ್ಯ 1953ರಲ್ಲಿ ಪುಣೆಯಲ್ಲಿ ಶುರುಮಾಡಿದ್ದು. ಇದಕ್ಕೆ ಟಿಕೆಟ್ಟಿದೆ, ಕೊಡಲೇಬೇಕು. ನೆಲದ ಮೇಲಿನ ಭಾರತೀಯ ಬೈಠಕ್ಕಿಗೆ ಕಡಿಮೆ, ಕುರ್ಚಿಗೆ ಹೆಚ್ಚು. ಮಂಡಿ ನೆಟ್ಟಗಿದ್ದವರು ನೆಲದ ಟಿಕೆಟ್ಟು ತೆಗೆದು, ಚಾಪೆ, ಶಾಲು ಮನೆಯಿಂದಲೇ ಒಯ್ಯಿರಿ. ಡಿಸೆಂಬರಿನ ಪುಣೆಯ ಚಳಿ ಸಣ್ಣದಲ್ಲ. ಕಛೇರಿ ಮುಗಿಯುವ ಹೊತ್ತಿಗೆ ಬಸ್ಸುಗಳು ವಿರಳವಾಗಿರುತ್ತವೆ. ಅವತ್ತು ಆಟೊದವನ ಹತ್ತಿರ ಬಹಳ ಚೌಕಾಸಿ ಮಾಡಬೇಡಿ, ಹತ್ತಿ ಕೂಡ್ರಿ.