ಲ್ಯಾಪ್‌ಟಾಪ್ ಗುರುತಿಸದ ಹಾರ್ಡ್‌ಡಿಸ್ಕ್: ದೋಷ ಪತ್ತೆ ಮತ್ತು ಪರಿಹಾರ ಕ್ರಮಗಳು

ಹಾಲು ಉತ್ಪಾದಕರ ಸಹಕಾರ ಸಂಘಗಳು, ರೈತ ಉತ್ಪಾದಕ ಸಂಸ್ಥೆಗಳು ಹಾಗೂ ಅನೇಕ ಪ್ರಗತಿಪರ ರೈತರು ಲೆಕ್ಕಪತ್ರ, ಮಣ್ಣು ಪರೀಕ್ಷಾ ವರದಿ, ಪಹಣಿಯ ಪ್ರತಿ ಮತ್ತು ಬೆಳೆಯ ಛಾಯಾಚಿತ್ರಗಳನ್ನು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿನಲ್ಲಿ ಕೂಡಿಡುತ್ತಿದ್ದಾರೆ. ಲೆಕ್ಕ ತಪಾಸಣೆಯ ಮುನ್ನಾದಿನ ಲ್ಯಾಪ್‌ಟಾಪ್ ಈ ಡಿಸ್ಕನ್ನು ಗುರುತಿಸದಿದ್ದರೆ ಗಾಬರಿಯಾಗುವುದು ಸಹಜ. ಆ ಗಾಬರಿಯಲ್ಲಿ ತೆರೆಯ ಮೇಲೆ ಬಂದ ಸೂಚನೆಗೆಲ್ಲ ಒಪ್ಪಿಗೆ ಕೊಟ್ಟರೆ, ಉಳಿಸಬಹುದಾದ ದಾಖಲೆಗಳೂ ಕೈತಪ್ಪುತ್ತವೆ. ಪಂಪ್‌ಸೆಟ್ ಓಡದಿದ್ದಾಗ ಮೋಟಾರು ಬಿಚ್ಚುವ ಮೊದಲು ಫ್ಯೂಸು, ಸ್ಟಾರ್ಟರು, ತಂತಿಗಳನ್ನು ನೋಡುವಂತೆ, ಇಲ್ಲಿಯೂ ಹೊರಗಿನಿಂದ ಒಳಕ್ಕೆ ಹಂತ ಹಂತವಾಗಿ ದೋಷವನ್ನು ಹುಡುಕಬೇಕು.

1. ಕೇಬಲ್ ಮತ್ತು ಪೋರ್ಟ್
ಡಿಸ್ಕನ್ನು ಲ್ಯಾಪ್‌ಟಾಪಿನ ಬೇರೊಂದು ಯುಎಸ್‌ಬಿ ಪೋರ್ಟಿಗೆ ಹಾಕಿ ನೋಡಬೇಕು. ಅನಂತರ ಕೇಬಲ್ ಬದಲಿಸಬೇಕು. ಕೆಲವು ಕೇಬಲ್‌ಗಳು ಚಾರ್ಜ್ ಮಾಡಲು ಮಾತ್ರ ಬರುತ್ತವೆ. ಅವುಗಳಲ್ಲಿ ಮಾಹಿತಿ ಹರಿಯುವುದಿಲ್ಲ. ಕೊನೆಗೆ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸಬೇಕು. ಅಲ್ಲಿ ತೆರೆದುಕೊಂಡರೆ ದೋಷ ಡಿಸ್ಕಿನದಲ್ಲ, ಮೊದಲಿನ ಲ್ಯಾಪ್‌ಟಾಪಿನದು ಎಂದು ತಿಳಿಯಬಹುದು.

2. ವಿದ್ಯುತ್ ಪೂರೈಕೆ
ಅಂಗೈಯಗಲದ 2.5 ಅಂಗುಲದ ಡಿಸ್ಕುಗಳು ಯುಎಸ್‌ಬಿ ಮೂಲಕವೇ 5 ವೋಲ್ಟ್ ವಿದ್ಯುತ್ ಪಡೆಯುತ್ತವೆ. ಯುಎಸ್‌ಬಿ 2.0 ಪೋರ್ಟಿನ ನಿಗದಿತ ಮಿತಿ 500 ಮಿಲಿ ಆಂಪಿಯರ್, 3.0 ಪೋರ್ಟಿನದು 900. ಒಂದೇ ಹಬ್ಬಿಗೆ ಹಲವು ಸಾಧನಗಳನ್ನು ಸಿಕ್ಕಿಸಿದರೆ ಡಿಸ್ಕಿಗೆ ವಿದ್ಯುತ್ ಸಾಲದು. ಆದ್ದರಿಂದ ಹಬ್ ತೆಗೆದು ನೇರವಾಗಿ ಜೋಡಿಸುವುದು ಒಳ್ಳೆಯದು. 3.5 ಅಂಗುಲದ ದೊಡ್ಡ ಡಿಸ್ಕುಗಳಿಗೆ ಪ್ರತ್ಯೇಕ ಅಡಾಪ್ಟರ್ ಬೇಕು. ಅದರ ದೀಪ ಉರಿಯುತ್ತಿದೆಯೇ ಎಂದು ನೋಡಬೇಕು.

3. ಶಬ್ದದ ಪರೀಕ್ಷೆ
ಒಳ್ಳೆಯ ಕೇಬಲ್ ಹಾಕಿ ನೇರ ಜೋಡಿಸಿದ ಮೇಲೂ ಟಕ್ ಟಕ್ ಎಂಬ ಶಬ್ದ ಬರುತ್ತಿದ್ದರೆ, ಅಥವಾ ಡಿಸ್ಕು ಕೆಳಗೆ ಬಿದ್ದಿದ್ದರೆ, ಕೂಡಲೇ ಕಳಚಿಡಬೇಕು. ಮತ್ತೆ ಮತ್ತೆ ಓಡಿಸಿದಷ್ಟೂ ಒಳಗಿನ ತಟ್ಟೆಗಳಿಗೆ ಹಾನಿ ಹೆಚ್ಚು. ಮನೆಯಲ್ಲಿ ಬಿಚ್ಚಲೇಬಾರದು. ಮಾಹಿತಿ ಅಮೂಲ್ಯವಾಗಿದ್ದರೆ ದತ್ತಾಂಶ ಮರುಪಡೆಯುವ ಪರಿಣತರಿಗೆ ಒಪ್ಪಿಸುವುದು ಸೂಕ್ತ.

4. ಡಿಸ್ಕ್ ಮ್ಯಾನೇಜ್‌ಮೆಂಟ್
ಶಬ್ದ ಸರಿಯಿದ್ದೂ ಡಿಸ್ಕು ಕಾಣದಿದ್ದರೆ, ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀಲಿಯನ್ನು ಒತ್ತಿ ಹಿಡಿದು ಎಕ್ಸ್ ಅಕ್ಷರ ಒತ್ತಿ, ಬರುವ ಪಟ್ಟಿಯಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ಆರಿಸಬೇಕು. ಇಲ್ಲಿ ಮೂರು ಸ್ಥಿತಿಗಳನ್ನು ಕಾಣಬಹುದು.

(ಅ) ಭಾಗ ‘ಹೆಲ್ತಿ’ ಎಂದಿದ್ದು, ಡ್ರೈವ್ ಅಕ್ಷರ ಇಲ್ಲದಿರುವುದು: ಮೌಸಿನ ಬಲಗುಂಡಿ ಒತ್ತಿ ‘ಚೇಂಜ್ ಡ್ರೈವ್ ಲೆಟರ್ ಅಂಡ್ ಪಾತ್ಸ್’ ಮೂಲಕ ಖಾಲಿ ಇರುವ ಅಕ್ಷರವೊಂದನ್ನು ಕೊಡಬೇಕು. ಇದರಿಂದ ಮಾಹಿತಿ ಅಳಿಯುವುದಿಲ್ಲ.

(ಆ) ಮ್ಯಾಕ್ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ ಡಿಸ್ಕು: ಇಂಥವನ್ನು ವಿಂಡೋಸ್ ತಾನಾಗಿ ಓದಲಾರದು. ಮ್ಯಾಕ್‌ನಲ್ಲಿಯೇ ತೆರೆದು ಪ್ರತಿ ತೆಗೆದುಕೊಳ್ಳಬೇಕು.

(ಇ) ‘ರಾ’, ‘ಅನ್‌ಅಲೊಕೇಟೆಡ್’ ಅಥವಾ ‘ನಾಟ್ ಇನಿಷಿಯಲೈಸ್ಡ್’ ಎಂಬ ಬರಹ: ಕಡತಗಳ ವಿಳಾಸಪಟ್ಟಿ ಕೆಟ್ಟಿರಬಹುದು, ಕಡತಗಳು ಒಳಗೇ ಉಳಿದಿರುವ ಸಾಧ್ಯತೆಯುಂಟು.

ಮುಖ್ಯ ಎಚ್ಚರಿಕೆ
ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕೆಂದು ಲ್ಯಾಪ್‌ಟಾಪ್ ಕೇಳಿದಾಗ ‘ಕ್ಯಾನ್ಸಲ್’ ಒತ್ತಬೇಕು. ಇನಿಷಿಯಲೈಸ್ ಮಾಡಲೂ ಒಪ್ಪಬಾರದು. ಹೊಲದ ಗಡಿಕಲ್ಲು ಕಿತ್ತ ಮೇಲೆ ಹದ್ದು ಗುರುತಿಸುವುದು ಎಷ್ಟು ಕಷ್ಟವೋ, ವಿಳಾಸಪಟ್ಟಿ ಹೊಸದಾಗಿ ಬರೆದ ಮೇಲೆ ಕಡತ ಹುಡುಕುವುದೂ ಅಷ್ಟೇ ಕಷ್ಟ. ಮೊದಲು ಮಾಹಿತಿ ಉಳಿಸಿಕೊಂಡು, ಅನಂತರವೇ ದುರಸ್ತಿಗೆ ಕೈಹಾಕಬೇಕು. ದುರಸ್ತಿ ಆದೇಶಗಳು ಸಹ ಸೋಲುತ್ತಿರುವ ಡಿಸ್ಕಿಗೆ ಹೆಚ್ಚಿನ ಹೊರೆ.

ಮುಂಜಾಗ್ರತೆ
ಕೆಲಸ ಮುಗಿದ ಮೇಲೆ ‘ಇಜೆಕ್ಟ್’ ಕೊಟ್ಟು, ಆಮೇಲೆ ಕೇಬಲ್ ಕಳಚಬೇಕು. ಡಿಸ್ಕು ತಿರುಗುತ್ತಿರುವಾಗ ಅಲುಗಾಡಿಸಬಾರದು. ಧೂಳು, ತೇವ ಮತ್ತು ಬಿಸಿಲು ತಗುಲದ ಕಡೆ ಇಡಬೇಕು. ಬಿತ್ತನೆ ಬೀಜವನ್ನೆಲ್ಲ ಒಂದೇ ಚೀಲದಲ್ಲಿ ಇಡದ ರೈತ, ದಾಖಲೆಗಳನ್ನೂ ಒಂದೇ ಡಿಸ್ಕಿನಲ್ಲಿ ಇಡಬಾರದು. ಎರಡನೆಯ ಪ್ರತಿಯೊಂದು ಬೇರೆ ಡಿಸ್ಕಿನಲ್ಲಿ, ಬೇರೆ ಕಟ್ಟಡದಲ್ಲಿ ಇದ್ದರೆ, ಡಿಸ್ಕು ಕೆಟ್ಟರೂ ಸಂಘದ ಲೆಕ್ಕ ಕೆಡುವುದಿಲ್ಲ.