ಕಾರಿನ ಪಾರ್ಶ್ವಕನ್ನಡಿ: ಮನೆಯಲ್ಲೇ ಬದಲಾಯಿಸುವ ಕ್ರಮ ಹಾಗೂ ಖರ್ಚಿನ ಲೆಕ್ಕ

ಬಂಟ್ವಾಳ ಪೇಟೆಯ ಇಕ್ಕಟ್ಟಾದ ಬೀದಿಯಲ್ಲಿ ಎದುರಿನಿಂದ ಲಾರಿ ಬಂದಾಗಲಾಗಲಿ, ಮನೆಯ ಕೆಂಪುಕಲ್ಲಿನ ಗೇಟುಕಂಬಕ್ಕೆ ತಗಲಿದಾಗಲಾಗಲಿ ಕಾರಿನಲ್ಲಿ ಮೊದಲು ಮುರಿಯುವುದು ಪಾರ್ಶ್ವಕನ್ನಡಿ. ಗಾಡಿ ಓಡುತ್ತಿದೆಯಲ್ಲ ಎಂದು ದುರಸ್ತಿಯನ್ನು ಮುಂದೂಡುವವರೇ ಹೆಚ್ಚು. ಆದರೆ ಹಿಂಬದಿಯಲ್ಲಿ ಸರಕಿನ ಪೆಟ್ಟಿಗೆಗಳನ್ನು ಪೇರಿಸಿಕೊಂಡು ಹೋಗುವ ವರ್ತಕನಿಗೆ ಒಳಗಿನ ಕನ್ನಡಿ ನಿರುಪಯುಕ್ತ. ಬೆಳ್ತಂಗಡಿಯಿಂದ ಚಾರ್ಮಾಡಿ ಘಾಟಿ ಏರುವ ರಾಷ್ಟ್ರೀಯ ಹೆದ್ದಾರಿ 73ರ ತಿರುವುಗಳಲ್ಲಿ, ಮಳೆಗಾಲದ ಮಂಜಿನ ನಡುವೆ, ಹಿಂದಿನ ವಾಹನವನ್ನು ತೋರಿಸುವುದು ಹೊರಗಿನ ಕನ್ನಡಿ ಮಾತ್ರ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಹಿನ್ನೋಟದ ಕನ್ನಡಿಯನ್ನು ಕಡ್ಡಾಯಗೊಳಿಸಿವೆ.

ಹಾನಿಯ ಪರಿಶೀಲನೆ

ಕನ್ನಡಿಯಲ್ಲಿ ಮೂರು ಭಾಗಗಳಿವೆ: ಗಾಜು, ಹೊರಕವಚ ಮತ್ತು ಬಾಗಿಲಿಗೆ ಜೋಡಿಸಿದ ಬುಡ. ಗಾಜು ಮಾತ್ರ ಒಡೆದಿದ್ದರೆ ಇಡೀ ಘಟಕವನ್ನು ಕೊಳ್ಳಬೇಕಾಗಿಲ್ಲ. ಅನೇಕ ಮಾದರಿಗಳಿಗೆ ಗಾಜು ಪ್ರತ್ಯೇಕವಾಗಿ ದೊರೆಯುತ್ತದೆ. ಖರ್ಚು ಉಳಿಸಲೆಂದು ಸಾಮಾನ್ಯ ಕನ್ನಡಿಯನ್ನು ಕತ್ತರಿಸಿ ಅಂಟಿಸುವುದು ಸರಿಯಲ್ಲ. ಹೆಚ್ಚಿನ ಕಾರುಗಳ ಹೊರಗನ್ನಡಿ ಉಬ್ಬುಗನ್ನಡಿ. ಅದು ವಸ್ತುವನ್ನು ಚಿಕ್ಕದಾಗಿ ತೋರಿಸಿ ವಿಶಾಲವಾದ ನೋಟ ನೀಡುತ್ತದೆ. ಚಪ್ಪಟೆ ಕನ್ನಡಿ ಹಾಕಿದರೆ ನೋಟ ಕಿರಿದಾಗಿ, ಪಕ್ಕದಲ್ಲಿ ಬರುವ ದ್ವಿಚಕ್ರ ವಾಹನ ಕಾಣದೇ ಹೋಗಬಹುದು.

ಬದಲಾಯಿಸುವ ಕ್ರಮ

ಗಾಜು ಮಾತ್ರವಾದರೆ, ಒಡೆದ ಗಾಜಿನ ಮೇಲೆ ಟೇಪು ಅಂಟಿಸಿ, ಕೈಗವಸು ಧರಿಸಬೇಕು. ಗಾಜನ್ನು ಒಂದು ಬದಿಗೆ ಪೂರ್ತಿ ವಾಲಿಸಿ, ತೆರೆದ ಅಂಚಿನಲ್ಲಿ ಪ್ಲಾಸ್ಟಿಕ್ ಪಟ್ಟಿಯನ್ನು ತೂರಿಸಿ ನಿಧಾನವಾಗಿ ಮೀಟಿದರೆ ಕ್ಲಿಪ್ಪುಗಳು ಬಿಡುತ್ತವೆ. ಹೊಸ ಗಾಜನ್ನು ಮಧ್ಯಭಾಗದಲ್ಲಿ ಬಟ್ಟೆಯಿಟ್ಟು ಅಂಗೈಯಿಂದ ಒತ್ತಬೇಕು; ಅಂಚನ್ನು ಒತ್ತಿದರೆ ಬಿರುಕು ಬಿಡುವ ಸಂಭವವಿದೆ.

ಇಡೀ ಘಟಕವನ್ನು ಬದಲಾಯಿಸುವಾಗ ಇಗ್ನಿಷನ್ ಆರಿಸಿ, ಬಾಗಿಲಿನ ಒಳಮೂಲೆಯ ತ್ರಿಕೋನಾಕಾರದ ಮುಚ್ಚಳವನ್ನು ಬಿಡಿಸಬೇಕು. ಅದರ ಹಿಂದೆ ಸಾಮಾನ್ಯವಾಗಿ ಮೂರು ಸ್ಕ್ರೂ ಅಥವಾ ನಟ್ಟುಗಳಿರುತ್ತವೆ. ವಿದ್ಯುತ್ ಜೋಡಣೆಯಿದ್ದರೆ ತಂತಿಯನ್ನು ಎಳೆಯದೆ ಪ್ಲಗ್ಗನ್ನು ಹಿಡಿದು ಬಿಡಿಸಬೇಕು. ಕೊನೆಯ ಸ್ಕ್ರೂ ತೆಗೆಯುವಾಗ ಇನ್ನೊಬ್ಬರು ಹೊರಗಿನಿಂದ ಕನ್ನಡಿಯನ್ನು ಹಿಡಿದಿದ್ದರೆ ಅದು ಬಿದ್ದು ಬಾಗಿಲಿನ ಬಣ್ಣ ಕೆಡುವುದಿಲ್ಲ. ಹೊಸ ಘಟಕದ ಬುಡದ ರಬ್ಬರ್ ಪಟ್ಟಿ ಮಡಚದಂತೆ ಕೂರಿಸಬೇಕು. ಇಲ್ಲವಾದರೆ ಕರಾವಳಿಯ ಮಳೆಗೆ ಬಾಗಿಲಿನೊಳಗೆ ನೀರಿಳಿಯುತ್ತದೆ. ಸ್ಕ್ರೂಗಳನ್ನು ಒಂದಾದ ಮೇಲೊಂದರಂತೆ ಸಮನಾಗಿ ಬಿಗಿದು, ಮೋಟಾರು ಮತ್ತು ಇಂಡಿಕೇಟರನ್ನು ಪರೀಕ್ಷಿಸಿದ ಬಳಿಕವೇ ಮುಚ್ಚಳ ಹಾಕತಕ್ಕದ್ದು. ಕ್ಯಾಮೆರಾ ಇರುವ ಕನ್ನಡಿಯನ್ನು ವರ್ಕ್‌ಶಾಪಿಗೇ ಒಪ್ಪಿಸುವುದು ಲೇಸು.

ವಿಮೆಯ ಲೆಕ್ಕ

ಕ್ಲೇಮಿಗೆ ಅರ್ಜಿ ಹಾಕುವ ಮುನ್ನ ಲೆಕ್ಕ ಹಾಕುವುದು ವ್ಯಾಪಾರಿಯ ಧರ್ಮ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳಿಗೆ ಶೇ. 50 ಸವಕಳಿ ಕಳೆಯಲಾಗುತ್ತದೆ, ಗಾಜಿಗೆ ಸವಕಳಿಯಿಲ್ಲ. 1500 ಸಿ.ಸಿ. ವರೆಗಿನ ಖಾಸಗಿ ಕಾರಿಗೆ ಮಾಲೀಕನೇ ಭರಿಸಬೇಕಾದ ಕಡ್ಡಾಯ ಮೊತ್ತ ರೂ. 1,000. ಉದಾಹರಣೆಗೆ, ಬಹುತೇಕ ಪ್ಲಾಸ್ಟಿಕ್ಕಿನ ರೂ. 2,500ರ ಘಟಕಕ್ಕೆ ಸವಕಳಿ ಕಳೆದು ರೂ. 1,250 ಉಳಿದರೆ, ಕೈಗೆ ಬರುವುದು ಕೇವಲ ರೂ. 250. ಇತ್ತ ಐದು ವರ್ಷ ಕ್ಲೇಮಿಲ್ಲದೆ ಗಳಿಸಿದ ಶೇ. 50ರ ರಿಯಾಯಿತಿ ಇಲ್ಲವಾಗುತ್ತದೆ. ಸ್ವಂತ ಹಾನಿ ವಿಭಾಗದ ಮೂಲ ಕಂತು ರೂ. 6,000 ಆಗಿದ್ದರೆ ಮರುವರ್ಷ ರೂ. 3,000 ಹೆಚ್ಚು ತೆರಬೇಕಾಗುತ್ತದೆ. ಸವಕಳಿರಹಿತ ಅಥವಾ ರಿಯಾಯಿತಿ ರಕ್ಷಣೆಯ ಹೆಚ್ಚುವರಿ ಸೌಲಭ್ಯ ಪಡೆದವರ ಲೆಕ್ಕ ಬೇರೆ.

ಬಿಲ್ಲು ಮತ್ತು ತೆರಿಗೆ

2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆ ಏಕರೂಪವಾಗಿ ಶೇ. 18 ಜಿ.ಎಸ್.ಟಿ. ಅನ್ವಯವಾಗುತ್ತಿದೆ. ಸರಕು ಸಾಗಣೆಯ ವಾಹನಕ್ಕಾಗಿ ಕೊಂಡ ಬಿಡಿಭಾಗದ ತೆರಿಗೆಯನ್ನು ನೋಂದಾಯಿತ ವರ್ತಕರು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಸಂಸ್ಥೆಯ ಹೆಸರಿನ ಬಿಲ್ಲು ಅಗತ್ಯ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಸ್ವಂತ ಓಡಾಟದ ಕಾರಿಗೂ ಸಾಮಾನ್ಯವಾಗಿ ದೊರೆಯದು.

ಬಿ.ಸಿ. ರೋಡಿನಲ್ಲಾಗಲಿ ಮೂಡುಬಿದಿರೆಯಲ್ಲಾಗಲಿ ಬಿಡಿಭಾಗ ಕೊಳ್ಳುವಾಗ ಕಾರಿನ ಮಾದರಿ, ತಯಾರಿಕೆಯ ವರ್ಷ, ಎಡ–ಬಲ ಯಾವುದೆಂಬುದನ್ನು ತಿಳಿಸಿ, ಹಳೆಯ ಭಾಗವನ್ನು ಜೊತೆಗೊಯ್ದರೆ ಎರಡನೆಯ ಸಲ ಅಲೆಯುವುದು ತಪ್ಪುತ್ತದೆ. ಸಾಧನಗಳು ಕೈಗೆ ಸಿಕ್ಕಿದರೆ ಬಹುತೇಕ ಕಾರುಗಳಲ್ಲಿ ಈ ಕೆಲಸ ಅಂಗಡಿ ತೆರೆಯುವ ಮುನ್ನವೇ ಮುಗಿಯುವಂಥದ್ದು.