ಕಂಟೇನರು ಮತ್ತು ಸಾಕೆಟ್ಟು

ಒಂದೇ ಗಣಕಯಂತ್ರದಲ್ಲಿ ಓಡುತ್ತಿರುವ ಎರಡು ಕ್ರಮವಿಧಿಗಳು ಪರಸ್ಪರ ಮಾತನಾಡಲು ಇರುವ ಸಾಧನಗಳಲ್ಲಿ ಯುನಿಕ್ಸ್ ಸಾಕೆಟ್ ಒಂದು. 1983ರಲ್ಲಿ ಬರ್ಕ್‌ಲಿಯ 4.2 ಬಿಎಸ್‌ಡಿ ವ್ಯವಸ್ಥೆಯೊಡನೆ ಇದು ಬಳಕೆಗೆ ಬಂದಿತು. ಕಡತಗಳ ಸಾಲಿನಲ್ಲಿ ಇದಕ್ಕೂ ಒಂದು ಹೆಸರುಂಟು. ಆದರೆ ಇದರೊಳಗೆ ಒಂದಕ್ಷರವೂ ಇರುವುದಿಲ್ಲ. ಹೆಸರು ಕೇವಲ ವಿಳಾಸ. ಮಾತನ್ನು ಸಾಗಿಸುವುದು ವ್ಯವಸ್ಥೆಯ ತಿರುಳಾದ ಕರ್ನಲ್.

ಇದನ್ನು ಕಚೇರಿಯೊಳಗಿನ ದೂರವಾಣಿಗೆ ಹೋಲಿಸಬಹುದು. ಒಂದು ಕಚೇರಿಯಲ್ಲಿ 45ನ್ನು ಒತ್ತಿದರೆ ಗುಮಾಸ್ತರ ಮೇಜಿನ ಗಂಟೆ ಬಾರಿಸುತ್ತದೆ. ಅದೇ ಅಂಕಿಯನ್ನು ಬೇರೊಂದು ಕಚೇರಿಯ ಗೋಡೆಯ ಮೇಲೆ ಬರೆದಿಟ್ಟರೆ ಆ ಗುಮಾಸ್ತರು ಅಲ್ಲಿ ಸಿಕ್ಕಾರೆಯೆ?

ಈಗ ಕಂಟೇನರನ್ನು ನೋಡೋಣ. 2013ರಲ್ಲಿ ಪ್ರಕಟವಾದ ಡಾಕರ್ ಎಂಬ ತಂತ್ರಾಂಶವು ಇದನ್ನು ಜನಪ್ರಿಯಗೊಳಿಸಿತು. ಲಿನಕ್ಸ್‌ನಲ್ಲಿ ಕಂಟೇನರು ಪ್ರತ್ಯೇಕ ಯಂತ್ರವಲ್ಲ. ಅದೇ ಕರ್ನಲ್ಲಿನ ಆಶ್ರಯದಲ್ಲಿ, ಸುತ್ತಲೂ ಮರೆ ಕಟ್ಟಿಕೊಂಡು ನಡೆಯುವ ಕ್ರಮವಿಧಿ ಮಾತ್ರ. ಆದುದರಿಂದ ಆತಿಥೇಯ ಯಂತ್ರದ ಸಾಕೆಟ್ಟಿನ ಹೆಸರನ್ನು ಕಂಟೇನರಿನೊಳಗೆ ಕಾಣುವಂತೆ ಮಾಡಿದರೆ ಸಾಕು, ಸಂಭಾಷಣೆ ನಡೆಯುತ್ತದೆ.

ಮ್ಯಾಕ್ ಮತ್ತು ವಿಂಡೋಸ್ ಯಂತ್ರಗಳಲ್ಲಿ ಸ್ಥಿತಿ ಬೇರೆ. ಲಿನಕ್ಸ್ ಕಂಟೇನರಿಗೆ ಲಿನಕ್ಸ್ ಕರ್ನಲ್ಲೇ ಬೇಕು. ಅದಕ್ಕಾಗಿ ಡಾಕರ್ ಡೆಸ್ಕ್‌ಟಾಪ್ ಯಂತ್ರದೊಳಗೊಂದು ಕಲ್ಪಿತ ಲಿನಕ್ಸ್ ಯಂತ್ರವನ್ನು ನಡೆಸುತ್ತದೆ. ಅಲ್ಲಿಗೆ ಕರ್ನಲ್ಲುಗಳು ಎರಡಾದುವು. ಸಾಮಾನ್ಯ ಕಡತದ ಅಕ್ಷರಗಳನ್ನು ಆಚೆಗೆ ಸಾಗಿಸಬಹುದು; ಆದರೆ ಸಾಕೆಟ್ಟಿನ ಹೆಸರು ದಾಟಿದರೂ ಸಂಪರ್ಕ ದಾಟುವುದಿಲ್ಲ. ನಡುವೆ ಒಬ್ಬ ದೂತನಿರಬೇಕು. ರಹಸ್ಯ ಕೀಲಿಗಳನ್ನು ಕಾಯುವ ಎಸ್‌ಎಸ್‌ಎಚ್ ಏಜೆಂಟಿಗಾಗಿ ಮ್ಯಾಕ್‌ನ ಡಾಕರ್ ಡೆಸ್ಕ್‌ಟಾಪ್ ಇಂತಹ ದೂತನನ್ನೇ ಒದಗಿಸಿದೆ: ಕಲ್ಪಿತ ಯಂತ್ರದಲ್ಲಿ ಬೇರೊಂದು ಸಾಕೆಟ್ಟನ್ನು ತೆರೆದು, ಅಲ್ಲಿ ಬಂದ ಮಾತನ್ನು ಮ್ಯಾಕ್‌ಗೆ ಒಯ್ದು, ಉತ್ತರವನ್ನು ಮರಳಿ ತರುತ್ತದೆ. ವಿಂಡೋಸ್‌ನಲ್ಲಿ ಡಾಕರ್ ಆಜ್ಞೆಗಳು 'ಹೆಸರುಳ್ಳ ಕೊಳವೆ' ಎಂಬ ಅಲ್ಲಿನದೇ ಸಾಧನದ ಮೂಲಕ ಹೋಗುತ್ತವೆ. 2018ರಿಂದ ವಿಂಡೋಸ್ 10ಕ್ಕೂ ಯುನಿಕ್ಸ್ ಸಾಕೆಟ್ ಬಂದಿದೆಯಾದರೂ, ಕರ್ನಲ್ಲುಗಳು ಎರಡಾಗಿರುವವರೆಗೆ ದೂತನ ಕೆಲಸ ತಪ್ಪಿದ್ದಲ್ಲ.

ಸಂಪರ್ಕ ಸುಲಭವಾದಲ್ಲಿ ಅಪಾಯವೂ ಸಮೀಪದಲ್ಲಿದೆ. ಡಾಕರಿನ ಮುಖ್ಯ ಸೇವಕ ಕ್ರಮವಿಧಿಯು ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 'ರೂಟ್' ಎಂಬ ಪರಮಾಧಿಕಾರದಿಂದ ನಡೆಯುತ್ತದೆ. ಅದಕ್ಕೂ ಒಂದು ಸಾಕೆಟ್ ಉಂಟು. ಅದನ್ನು ಒಂದು ಕಂಟೇನರಿಗೆ ಒಪ್ಪಿಸಿದೆವೆಂದರೆ, ಅದು ಮತ್ತೊಂದು ಕಂಟೇನರನ್ನು ಹುಟ್ಟಿಸಿ, ಆತಿಥೇಯ ಯಂತ್ರದ ಸಮಸ್ತ ಕಡತಗಳನ್ನೂ ಅದರ ಕೈಗೆ ಕೊಡಿಸಬಲ್ಲದು. 'ಓದಲು ಮಾತ್ರ' ಎಂದು ನಿರ್ಬಂಧಿಸಿದರೂ ಪ್ರಯೋಜನವಿಲ್ಲ. ಆ ನಿರ್ಬಂಧ ತಡೆಯುವುದು ಹೆಸರನ್ನು ಅಳಿಸುವುದನ್ನೇ ಹೊರತು ಮಾತನಾಡುವುದನ್ನಲ್ಲ.

ಆದುದರಿಂದ ಸಾಕೆಟ್ಟನ್ನು ಹಂಚುವ ಮೊದಲು ನಾವು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಎರಡು ತುದಿಗಳೂ ಒಂದೇ ಕರ್ನಲ್ಲಿಗೆ ಸೇರಿವೆಯೆ? ಆಚೆಯ ತುದಿಯಲ್ಲಿ ಕುಳಿತವನ ಅಧಿಕಾರವೆಷ್ಟು? ಮೊದಲನೆಯದು ಸಂಪರ್ಕ ಸಾಧ್ಯವೇ ಎಂಬುದನ್ನೂ, ಎರಡನೆಯದು ಅದು ಕ್ಷೇಮವೇ ಎಂಬುದನ್ನೂ ತಿಳಿಸುತ್ತದೆ.